ಗಂಡುಮಗುವಿಗೆ ಒಂದು ಹೆಸರು



ಮನೆಯಲ್ಲಿ ಗಂಡುಮಗು ಹುಟ್ಟಿತೆಂದರೆ ಬಾಣಂತಿಯ ಆರೈಕೆಯ ಜೊತೆಗೇ ಒಂದು ಚರ್ಚೆಯೂ ಮೊದಲಾಗುವುದುಂಟು. ಮಗುವಿಗೆ ಏನೆಂದು ಹೆಸರಿಡಬೇಕು? ಹಿರಿಯರು ಅಜ್ಜನ ಹೆಸರನ್ನೋ ಮನೆದೇವರ ಹೆಸರನ್ನೋ ಸೂಚಿಸುತ್ತಾರೆ. ಓದಿಕೊಂಡ ತಂದೆತಾಯಿಗಳಿಗೆ ಅದು ಹಳೆಯದೆಂದು ತೋರುತ್ತದೆ. ಕೇರಿಯಲ್ಲಿ ಆ ಹೆಸರಿನವರು ಹತ್ತು ಮಂದಿ ಇದ್ದಾರೆಂದು ತೋರುತ್ತದೆ. ಹಾಗೆಂದು ನಮ್ಮದಲ್ಲದ ಹೆಸರನ್ನಿಡಲು ಅವರ ಮನಸ್ಸೂ ಒಪ್ಪದು. ಹೆಸರು ಹಳೆಯದಾಗಿಯೂ ಇರಬೇಕು, ಇನ್ನೊಬ್ಬರಿಗಿಲ್ಲದ್ದೂ ಆಗಿರಬೇಕು. ಈ ಎರಡು ಆಸೆಗಳೂ ಒಂದಕ್ಕೊಂದು ವಿರೋಧವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಚರಿತ್ರೆಯನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ನಮ್ಮ ಹಿರಿಯರು ಹೆಸರಿಡುವಾಗ ಕಣ್ಣುಮುಚ್ಚಿ ಹಿಂದಿನದನ್ನೇ ಇಡುತ್ತಿರಲಿಲ್ಲ. ಆರಿಸುತ್ತಿದ್ದರು, ಅದಕ್ಕೆ ಅವರಿಗೆ ಕಾರಣವೂ ಇರುತ್ತಿತ್ತು. ಆ ಆಯ್ಕೆಯ ಚರಿತ್ರೆಯನ್ನು ಕೊಂಚ ವಿಚಾರಮಾಡುವುದು ಈ ಹೊತ್ತಿನ ಉದ್ದೇಶ.

ಮೊದಲು ಶಾಸ್ತ್ರವು ಏನು ಹೇಳುತ್ತದೆಂದು ನೋಡೋಣ. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ಗಂಡುಮಗುವಿನ ಹೆಸರು ಘೋಷಾಕ್ಷರದಿಂದ ಮೊದಲಾಗಬೇಕು. ನಡುವೆ ಯ ರ ಲ ವ ಎಂಬ ಅಂತಸ್ಥಗಳಲ್ಲಿ ಒಂದು ಬರಬೇಕು. ಅಕ್ಷರಗಳು ಎರಡೋ ನಾಲ್ಕೋ ಇರಬೇಕು. ಮಗನಿಗೆ ಪ್ರತಿಷ್ಠೆಯನ್ನು ಬಯಸುವವನು ಎರಡಕ್ಷರದ ಹೆಸರನ್ನೂ, ಬ್ರಹ್ಮವರ್ಚಸ್ಸನ್ನು ಬಯಸುವವನು ನಾಲ್ಕಕ್ಷರದ ಹೆಸರನ್ನೂ ಇಡತಕ್ಕದ್ದು. ಹೆಣ್ಣುಮಕ್ಕಳ ಹೆಸರಿಗೆ ಬೆಸಸಂಖ್ಯೆ. ಈ ವಿಧಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂಥ ದೇವರ ಹೆಸರನ್ನೇ ಇಡಬೇಕೆಂದು ಇದು ಕಟ್ಟುಮಾಡುವುದಿಲ್ಲ. ಹೆಸರು ಕಿವಿಗೆ ಹೇಗೆ ಕೇಳಬೇಕೆಂಬುದನ್ನು ಮಾತ್ರ ಹೇಳುತ್ತದೆ. ಅರ್ಥದ ಆಯ್ಕೆಯನ್ನು ಬಹುಮಟ್ಟಿಗೆ ಮನೆಯವರಿಗೇ ಬಿಟ್ಟಿದೆ.

ಕಾಲಕ್ರಮದಲ್ಲಿ ಒಂದೇ ಮಗುವಿಗೆ ನಾಲ್ಕು ಹೆಸರುಗಳನ್ನಿಡುವ ಪದ್ಧತಿ ಬಂದಿತು. ಕುಲದೇವತೆಯ ಹೆಸರೊಂದು, ಹುಟ್ಟಿದ ತಿಂಗಳ ಹೆಸರೊಂದು, ನಕ್ಷತ್ರದ ಹೆಸರೊಂದು, ವ್ಯವಹಾರದ ಹೆಸರೊಂದು. ಇಪ್ಪತ್ತೇಳು ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ ನೂರೆಂಟು ಅಕ್ಷರಗಳನ್ನು ಜೋಯಿಸರು ಹಂಚಿದ್ದಾರೆ; ಅಶ್ವಿನಿಗೆ ಚು, ಚೆ, ಚೋ, ಲ ಎಂದು ಆ ಪಟ್ಟಿ ಮೊದಲಾಗುತ್ತದೆ. ಈಗಿನ ತಂದೆತಾಯಿಗಳು ಅಶ್ವಿನಿಯ ಮೊದಲನೆಯ ಪಾದದಲ್ಲಿ ಹುಟ್ಟಿದ ಮಗನಿಗಾಗಿ ‘ಚು’ ಅಕ್ಷರದ ಹೆಸರನ್ನು ಹುಡುಕಿ ಹುಡುಕಿ ಬೇಸರಪಡುವುದನ್ನು ನಾವು ಕಾಣುತ್ತೇವೆ. ಈ ಶ್ರಮ ಅನಾವಶ್ಯಕ. ನಕ್ಷತ್ರದ ಹೆಸರು ಜಾತಕಕ್ಕೆ ಸಂಬಂಧಪಟ್ಟದ್ದು. ಹತ್ತು ಜನ ಕೂಗುವ ಹೆಸರು ಬೇರೆಯೇ ಇರಬಹುದೆಂದು ಸಂಪ್ರದಾಯವೇ ಒಪ್ಪಿದೆ.

ಶಾಸ್ತ್ರದಲ್ಲಿ ಇನ್ನೊಂದು ಮಾತೂ ಇದೆ; ಅದನ್ನು ಮರೆಮಾಚಬಾರದು. ಬ್ರಾಹ್ಮಣನ ಹೆಸರು ಮಂಗಳವನ್ನೂ, ಕ್ಷತ್ರಿಯನದು ಬಲವನ್ನೂ, ವೈಶ್ಯನದು ಧನವನ್ನೂ ಸೂಚಿಸಬೇಕೆಂದು ಹೇಳಿದ ಮನುಸ್ಮೃತಿಯು ಶೂದ್ರನ ಹೆಸರು ಹೇಯವಾಗಿರಬೇಕೆಂದು ವಿಧಿಸಿತು. ಹೆಸರು ಮನುಷ್ಯನನ್ನು ಕರೆಯುವುದಕ್ಕೆ ಮಾತ್ರವಲ್ಲ, ಅವನನ್ನು ಅವನ ಜಾಗದಲ್ಲಿ ಕೂಡಿಸುವುದಕ್ಕೂ ಸಾಧನವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಈ ಮಾತಿಗೆ ಮುಂದೆ ಮತ್ತೆ ಬರೋಣ.

ಈಗ ಶಾಸ್ತ್ರವನ್ನು ಬಿಟ್ಟು ನಾಡಿಗೆ ಬರೋಣ. ಗದಗಿಗೆ ಸಮೀಪದಲ್ಲಿ ಅಸುಂಡಿ ಎಂಬ ಗ್ರಾಮವಿದೆ. ಆ ಊರನ್ನು ನಡುವೆ ಇಟ್ಟುಕೊಂಡು ಒಂದು ವರ್ತುಲವನ್ನು ಕಲ್ಪಿಸಿಕೊಳ್ಳಿ. ಗದಗು, ಲಕ್ಕುಂಡಿ, ಮುಳಗುಂದ, ಅಣ್ಣಿಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಇಷ್ಟೂ ಅದರೊಳಗೆ ಬರುತ್ತವೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಇಲ್ಲಿದೆಯೆಂದು ನಾಲ್ಕು ಊರುಗಳನ್ನು ಹೆಸರಿಸಿತಷ್ಟೆ. ಅವುಗಳಲ್ಲಿ ಒಂದಾದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಕನ್ನಡದ ತಿರುಳನ್ನು ಹುಡುಕಿದ ನೆಲದಲ್ಲಿಯೇ ಕನ್ನಡದ ಹೆಸರುಗಳನ್ನೂ ಹುಡುಕುವುದು ಯುಕ್ತವಾದುದು.

ಅಲ್ಲಿಯ ಹೆಸರಿನ ಕ್ರಮ ಮೈಸೂರಿನ ಕಡೆಯ ಕ್ರಮಕ್ಕಿಂತ ಬೇರೆ. ನಮ್ಮಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಒಂದೊಂದು ಅಕ್ಷರವಾಗಿ ಮೊಟಕಾಗಿ ಮುಂದೆ ನಿಲ್ಲುತ್ತವೆ. ಅಲ್ಲಿ ಮಗುವಿನ ಹೆಸರು ಮೊದಲು, ತಂದೆಯ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ. ಆ ಮನೆತನದ ಹೆಸರು ಅನೇಕವೇಳೆ ಒಂದು ಊರಿನದು. ಅಣ್ಣಿಗೇರಿ, ಮುಂಡರಗಿ, ಕುರ್ತಕೋಟಿ, ಅಸುಂಡಿ, ಇವು ಊರುಗಳೂ ಹೌದು, ಮನೆತನಗಳೂ ಹೌದು. ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಎಂಬ ನಾಡಗೀತವನ್ನು ಬರೆದ ಹುಯಿಲಗೋಳ ನಾರಾಯಣರಾಯರ (೧೮೮೪–೧೯೭೧) ಹೆಸರಿನಲ್ಲಿಯೂ, ವಿಮರ್ಶಕರಾದ ಕೀರ್ತಿನಾಥ ಕುರ್ತಕೋಟಿಯವರ (೧೯೨೮–೨೦೦೩) ಹೆಸರಿನಲ್ಲಿಯೂ ಗದಗಿನ ನೆರೆಯ ಹಳ್ಳಿಗಳು ಉಳಿದುಕೊಂಡಿವೆ. ಇದರಿಂದ ಒಂದು ಸೌಕರ್ಯವುಂಟು. ಹತ್ತು ಮಂದಿ ಬಸವರಾಜರಿದ್ದರೂ ಅಸುಂಡಿಯ ಬಸವರಾಜನೇ ಬೇರೆ, ಅಣ್ಣಿಗೇರಿಯ ಬಸವರಾಜನೇ ಬೇರೆ. ಪ್ರಾಚೀನ ರೋಮನರಲ್ಲಿಯೂ ಹೀಗೆಯೇ ಇತ್ತು. ಅವರಲ್ಲಿ ಸಾಮಾನ್ಯ ಬಳಕೆಯಲ್ಲಿದ್ದ ವ್ಯಕ್ತಿನಾಮಗಳು ಇಪ್ಪತ್ತನ್ನು ಮುಟ್ಟುತ್ತಿರಲಿಲ್ಲ. ವಂಶನಾಮಗಳಿಂದಲೇ ವ್ಯಕ್ತಿಗಳನ್ನು ಗುರುತಿಸುತ್ತಿದ್ದರು. ಎಂದರೆ, ಅಪೂರ್ವತೆಯ ಹೊರೆಯನ್ನೆಲ್ಲ ಮಗುವಿನ ಹೆಸರೊಂದೇ ಹೊರಬೇಕೆಂಬುದು ಎಲ್ಲ ಕಾಲದ, ಎಲ್ಲ ದೇಶದ ನಿಯಮವಲ್ಲ. ಊರೂ ಮನೆತನವೂ ಹೆಸರಿನಿಂದ ಜಾರಿಹೋದಲ್ಲಿ ಆ ಹೊರೆ ಭಾರವಾಗುತ್ತದೆ. ಪಟ್ಟಣದಲ್ಲಿ ನಾವು ಪಡುವ ತೊಡಕಿನ ಒಂದು ಮೂಲ ಇದು.

ಇನ್ನು ದೇವರ ಹೆಸರುಗಳ ವಿಚಾರ. ದೇವರ ಹೆಸರನ್ನಿಟ್ಟರೆ ಎಲ್ಲರಂತೆ ಆಯಿತೆಂದು ನಾವು ತಿಳಿಯುತ್ತೇವೆ. ಆದರೆ ಅಲ್ಲಿಯ ಜನರು ಬರಿಯ ದೇವರ ಹೆಸರನ್ನಿಡುವುದಿಲ್ಲ. ಇಂಥ ಊರಿನ ದೇವರೆಂದು ಇಡುತ್ತಾರೆ. ಸವದತ್ತಿಯ ಯಲ್ಲಮ್ಮನಿಗೆ ನಡೆದುಕೊಳ್ಳುವವರಲ್ಲಿ ಯಲ್ಲಪ್ಪ, ಮೈಲಾರಲಿಂಗನ ಒಕ್ಕಲಿನಲ್ಲಿ ಮೈಲಾರಪ್ಪ, ಹುಲಿಗೆಮ್ಮನ ಹರಕೆಯಿಂದ ಹುಟ್ಟಿದವನು ಹುಲಿಗೆಪ್ಪ, ಕೊಟ್ಟೂರಿನ ಬಸವೇಶ್ವರನ ಭಕ್ತರಲ್ಲಿ ಕೊಟ್ರಪ್ಪ, ಉಳವಿಯ ಯಾತ್ರೆಯವರಲ್ಲಿ ಉಳವಪ್ಪ, ಹಂಪೆಯ ಕಡೆಗೆ ಮುಖಮಾಡಿದವರಲ್ಲಿ ವಿರೂಪಾಕ್ಷ, ಪಂಪಾಪತಿ. ಕೊಪ್ಪಳದ ಗವಿಮಠದವರಲ್ಲಿ ಗವಿಸಿದ್ಧಪ್ಪ. ಲಕ್ಷ್ಮೇಶ್ವರದ ಸೋಮನಾಥನ ಸುತ್ತ ಸೋಮಪ್ಪ, ಸೋಮನಗೌಡ. ಒಂದು ಶಾಲೆಯ ಹಾಜರಿಯ ಪುಸ್ತಕವನ್ನು ಓದಿದರೆ ಆ ಸೀಮೆಯ ಜಾತ್ರೆಗಳ ನಕ್ಷೆಯನ್ನೇ ಓದಿದಂತಾಗುತ್ತದೆ. ಈ ಹೆಸರುಗಳು ಆ ಸೀಮೆಯಲ್ಲಿ ಸಾಮಾನ್ಯ, ಅದರಾಚೆಗೆ ಅಪೂರ್ವ.

ಇವುಗಳಲ್ಲಿ ಎರಡು ಹೆಸರುಗಳನ್ನು ಬಿಡಿಸಿ ನೋಡಬೇಕು. ಒಂದು ಮುಂಡರಗಿಯ ಕಡೆಯದು. ಅಲ್ಲಿ ಅನ್ನದಾನೀಶ್ವರನ ಮಠವಿದೆ. ಮಳೆಯನ್ನೇ ನಂಬಿದ ನೆಲವದು. ೧೮೭೬–೭೮ರ ಘೋರ ಕ್ಷಾಮವನ್ನು ಕಂಡ ಸೀಮೆ. ಅಂಥ ಸೀಮೆಯಲ್ಲಿ ದೇವರಿಗೆ ಅನ್ನದಾನಿ ಎಂದು ಹೆಸರಾದರೆ, ಮಗನಿಗೂ ಅನ್ನದಾನಪ್ಪನೆಂದು ಹೆಸರಾದರೆ, ಅದು ಅಲಂಕಾರದ ಮಾತಲ್ಲ. ಜನರ ಬಾಯಲ್ಲಿ ತೇದು ತೇದು ಅದು ಅಂದಾನಪ್ಪ ಎಂದಾಗಿದೆ. ಕರ್ನಾಟಕದ ಏಕೀಕರಣಕ್ಕಾಗಿ ದುಡಿದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಎರಡನೆಯದು ಶಿರಹಟ್ಟಿಯದು. ಅಲ್ಲಿಯ ಫಕೀರೇಶ್ವರ ಮಠವು ಹಿಂದೂ ಮುಸಲ್ಮಾನರ ಭಾವೈಕ್ಯಕ್ಕೆ ಹೆಸರಾದದ್ದು. ಫಕೀರನೆಂಬುದು ಅರಬ್ಬೀ ಮಾತು, ಈಶ್ವರನೆಂಬುದು ಸಂಸ್ಕೃತ, ಅಪ್ಪ ಎಂಬುದು ಅಚ್ಚಗನ್ನಡ. ಫಕೀರೇಶ, ಫಕೀರಪ್ಪ, ಫಕೀರಗೌಡ ಎಂಬ ಹೆಸರುಗಳಲ್ಲಿ ಒಂದು ನಾಡಿನ ಕೆಲವು ಶತಮಾನಗಳ ಸಹಜೀವನವು ಅಡಗಿದೆ. ಈ ಹೆಸರಿನ ಹುಡುಗನು ಪಟ್ಟಣದ ಕಾಲೇಜಿಗೆ ಬಂದಾಗ ಸಹಪಾಠಿಗಳು ನಗುವುದುಂಟು. ಅವನು ನಾಚಿ ಹೆಸರನ್ನು ಬದಲಾಯಿಸಿಕೊಳ್ಳಲು ಹವಣಿಸುವುದೂ ಉಂಟು. ನಗುವವರಿಗೆ ಚರಿತ್ರೆ ತಿಳಿಯದು. ನಾಚುವವನಿಗೂ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಟ್ಟಿದ್ದರೆ ಇದಕ್ಕಿಂತ ವಿಶಿಷ್ಟವಾದ ಹೆಸರು ತನಗೆ ಬೇಕಿಲ್ಲವೆಂದು ಅವನೇ ಅನ್ನುತ್ತಿದ್ದನೇನೋ.

ಅನ್ನದಾನವು ಅಂದಾನವಾದ ಬಗೆಯನ್ನು ಇನ್ನೂ ಸ್ವಲ್ಪ ಮುಂದುವರಿಸಿ ನೋಡೋಣ. ಹೆಸರನ್ನು ಹೊರಗಿನಿಂದ ತಂದರೂ ಅದನ್ನು ತನ್ನ ನಾಲಗೆಗೆ ಹೊಂದಿಸಿಕೊಳ್ಳುವುದು ಕನ್ನಡದ ಹಳೆಯ ಅಭ್ಯಾಸ. ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ಕೃಷ್ಣ, ಧ್ರುವ, ಗೋವಿಂದ ಎಂದು ಸಂಸ್ಕೃತರೂಪದಲ್ಲಿ ನಿಲ್ಲುವ ಅರಸರು ಕನ್ನಡದಲ್ಲಿ ಕನ್ನರ, ಧೋರ, ಗೊಜ್ಜಿಗ ಎಂದು ಕಾಣಿಸಿಕೊಳ್ಳುತ್ತಾರೆ. ಹೊಯ್ಸಳ ವಿಷ್ಣುವರ್ಧನನು ಬಿಟ್ಟಿದೇವ. ಬ್ರಹ್ಮನು ಬಮ್ಮನಾದನು, ಯಕ್ಷನು ಜಕ್ಕನಾದನು, ಸಿಂಹವು ಸಿಂಗವಾಯಿತು, ಲಕ್ಷ್ಮಣನು ಲಕ್ಕಣನಾದನು, ವೃಷಭವು ಬಸವನಾಯಿತು. ರತ್ನವೆಂಬುದು ರನ್ನವಾಗಿ ಒಬ್ಬ ಮಹಾಕವಿಯ ಹೆಸರಾಯಿತು. ಜನಾರ್ದನನು ಜನ್ನನಾಗಿ ಇನ್ನೊಬ್ಬ ಮಹಾಕವಿಯಾದನು. ಪೊನ್ನನ ಹೆಸರಂತೂ ಚಿನ್ನವೆಂಬರ್ಥದ ನಮ್ಮದೇ ಮಾತು. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಬರೆದ ಕುಮಾರವ್ಯಾಸನ ಹೆಸರು ನಾರಣಪ್ಪನೆಂದು ಪ್ರಸಿದ್ಧವಾಗಿದೆ. ಊರ ದೇವರ ಹೆಸರೇ ಮಗುವಿಗೆ ಬಂದಿದೆ. ಆದರೆ ನಾರಾಯಣನು ನಾರಣನಾಗಿ, ಮೇಲೆ ಒಂದು ಅಪ್ಪನನ್ನು ಹೊತ್ತುಕೊಂಡು ಬಂದಿದ್ದಾನೆ. ಸ್ವಾರಸ್ಯವೇನೆಂದರೆ, ನಾರಣಪ್ಪ ಎಂಬ ಈ ಅಚ್ಚಗನ್ನಡದ ರೂಪವು ಆಶ್ವಲಾಯನನು ಹೇಳಿದ ಲಕ್ಷಣಗಳಿಗೂ ಹೊಂದುತ್ತದೆ: ಮೊದಲು ಘೋಷಾಕ್ಷರ, ನಡುವೆ ರಕಾರ, ಒಟ್ಟು ನಾಲ್ಕಕ್ಷರ. ಬಸವಣ್ಣ ಎಂಬುದೂ ಹಾಗೆಯೇ.

ಸಂಸ್ಕೃತವನ್ನೂ ಕನ್ನಡವನ್ನೂ ಅತಿಯಾಗಿ ಬೆರಸುವುದನ್ನು ಮುಳಗುಂದದ ನಯಸೇನನು ತನ್ನ ‘ಧರ್ಮಾಮೃತ’ದಲ್ಲಿ (೧೧೧೨) ಹಳಿದು, ತುಪ್ಪಕ್ಕೆ ಎಣ್ಣೆಯನ್ನು ಬೆರಸುವುದಕ್ಕೆ ಅದನ್ನು ಹೋಲಿಸಿದನು. ಕಾವ್ಯದ ಮಾತಿಗೆ ಅದು ಒಪ್ಪಬಹುದು; ಹೆಸರುಗಳ ಮಟ್ಟಿಗಾದರೋ ನಾಡು ಬೆರಸಿಯೂ ಕೆಡಿಸಲಿಲ್ಲ, ಅರೆದು ಒಂದಾಗಿಸಿತು. ಹಾಸ್ಯವೆಂದರೆ ನಯಸೇನನ ಹೆಸರೇ ಶುದ್ಧ ಸಂಸ್ಕೃತದ್ದು. ಜೈನಮುನಿಗಳ ಸೇನಗಣದ ಗುರುತು ಅದರಲ್ಲಿದೆ.

ಹೆಸರನ್ನು ಆರಿಸುವಾಗ ಹಿಂದಿನವರ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಇಬ್ಬರು ಕವಿಗಳ ಮನೆಗಳೇ ಒಳ್ಳೆಯ ನಿದರ್ಶನ. ಮೊದಲನೆಯದು ಆದಿಕವಿ ಪಂಪನದು (ಜನನ ೯೦೨). ಅವನ ವಂಶಾವಳಿಯಲ್ಲಿ ಮಾಧವ ಸೋಮಯಾಜಿ, ಅಭಿಮಾನಚಂದ್ರ, ಕೊಮರಯ್ಯ, ಭೀಮಪ್ಪಯ್ಯ ಎಂಬ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಯಜ್ಞದ ಹೆಸರಿನಿಂದ ಹೊರಟು ಕೊಮರಯ್ಯನೆಂಬ ಮನೆಮಾತಿನ ಹೆಸರಿಗೆ ಆ ವಂಶವು ಇಳಿದುಬಂದಿದೆ. ಭೀಮಪ್ಪಯ್ಯನು ವೈದಿಕವನ್ನು ಬಿಟ್ಟು ಜೈನನಾದನು. ಅವನ ಹೆಂಡತಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಈ ದಂಪತಿಗಳ ಮಕ್ಕಳಲ್ಲಿ ಒಬ್ಬನು ಪಂಪ, ಇನ್ನೊಬ್ಬನು ಜಿನವಲ್ಲಭ. ಜಿನವಲ್ಲಭನೆಂಬ ಹೆಸರು ತಂದೆ ಹಿಡಿದ ಹೊಸ ಮತವನ್ನು ಸಾರುತ್ತದೆ. ಪಂಪ ಎಂಬುದಾದರೋ ಹಂಪೆಯ ಕ್ಷೇತ್ರವನ್ನೂ ಅದರ ಮಗ್ಗುಲಲ್ಲಿ ಹರಿಯುವ ಹೊಳೆಯನ್ನೂ ನೆನಪಿಗೆ ತರುವ ಮಾತು. ಒಂದೇ ಮನೆಯಲ್ಲಿ ಒಂದು ಹೆಸರು ಮತವನ್ನು ನೆನೆಯಿತು, ಒಂದು ಹೆಸರು ನೆಲವನ್ನು ನೆನೆಯಿತು. ಎರಡಕ್ಷರದ ಆ ಹೆಸರು ಸಾವಿರ ವರ್ಷ ಉಳಿದಿದೆ.

ಎರಡನೆಯ ಮನೆ ರನ್ನನದು. ಮುದುವೊಳಲಿನ ಬಳೆಗಾರ ಕುಲದಲ್ಲಿ ಹುಟ್ಟಿದ ಈ ಕವಿಗೆ ಆಶ್ರಯವಿತ್ತವರಲ್ಲಿ ಇಬ್ಬರು ಮುಖ್ಯರು: ಗಂಗರ ದಂಡನಾಯಕನಾದ ಚಾವುಂಡರಾಯ; ಲಕ್ಕುಂಡಿಯಲ್ಲಿ ೧೦೦೭ರಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ. ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಇಲ್ಲಿ ಅಜ್ಜನ ಹೆಸರಿಲ್ಲ, ಕುಲದೇವರ ಹೆಸರಿಲ್ಲ, ನಕ್ಷತ್ರದ ಅಕ್ಷರವೂ ಮುಖ್ಯವಾಗಿಲ್ಲ. ಕೃತಜ್ಞತೆಯೇ ಹೆಸರಾಗಿದೆ. ತನಗೆ ಅನ್ನವನ್ನೂ ಕಾವ್ಯಕ್ಕೆ ಅವಕಾಶವನ್ನೂ ಕೊಟ್ಟವರ ಹೆಸರನ್ನು ದಿನಕ್ಕೆ ಹತ್ತು ಸಲ ಮನೆಯೊಳಗೆ ಕೂಗುವಂತೆ ಆ ಕವಿ ಏರ್ಪಡಿಸಿಕೊಂಡನು. ಸಂಪ್ರದಾಯದಲ್ಲಿ ಇಷ್ಟು ಸ್ವಾತಂತ್ರ್ಯವಿತ್ತೆಂಬುದನ್ನು ನಾವು ಮರೆತಿದ್ದೇವೆ.

ಅರಸರ ಮನೆತನಗಳಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುವ ಕ್ರಮವು ಹೆಚ್ಚು ಬಲವಾಗಿತ್ತು. ಹೊಯ್ಸಳರಲ್ಲಿ ಮೊದಲನೆಯ ನರಸಿಂಹನ ಮಗ ಇಮ್ಮಡಿ ಬಲ್ಲಾಳ, ಅವನ ಮಗ ಇಮ್ಮಡಿ ನರಸಿಂಹ, ಅವನ ಮಗ ಸೋಮೇಶ್ವರ, ಅವನ ಮಗ ಮುಮ್ಮಡಿ ನರಸಿಂಹ, ಅವನ ಮಗ ಮುಮ್ಮಡಿ ಬಲ್ಲಾಳ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ನರಸಿಂಹನು ಮರಳಿ ಬರುತ್ತಾನೆ. ಗದಗಿನ ತ್ರಿಕೂಟೇಶ್ವರನಿಗೆ ೧೧೯೨ರಲ್ಲಿ ದಾನಶಾಸನವನ್ನು ಬರೆಸಿದವನು ಇವರಲ್ಲಿ ಇಮ್ಮಡಿ ಬಲ್ಲಾಳ. ಗ್ರೀಕರಲ್ಲಿಯೂ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರನ್ನಿಡುವ ರೂಢಿಯಿತ್ತು. ಆದುದರಿಂದ ಇದು ನಮ್ಮೊಬ್ಬರ ಹುಚ್ಚಲ್ಲ.

ಆದರೆ ಅರಸರು ಕೇವಲ ಅಜ್ಜನಲ್ಲಿಗೆ ನಿಲ್ಲಲಿಲ್ಲ. ರಾಷ್ಟ್ರಕೂಟರನ್ನು ಇಳಿಸಿ ೯೭೩ರಲ್ಲಿ ರಾಜ್ಯವನ್ನು ಕಟ್ಟಿದ ಚಾಲುಕ್ಯ ತೈಲಪನು ಮಗನಿಗೆ ಸತ್ಯಾಶ್ರಯನೆಂದು ಹೆಸರಿಟ್ಟನು. ಅದು ಮುನ್ನೂರು ವರ್ಷಕ್ಕೂ ಹಿಂದೆ ಬಾದಾಮಿಯಲ್ಲಿ ಆಳಿದ ಇಮ್ಮಡಿ ಪುಲಕೇಶಿಯ ಬಿರುದು. ಆ ಬಾದಾಮಿಯ ಮನೆತನಕ್ಕೂ ಈ ತೈಲಪನ ಮನೆತನಕ್ಕೂ ರಕ್ತಸಂಬಂಧವಿತ್ತೆ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಹೆಸರಿನ ಸಂಬಂಧವಂತೂ ಸ್ಪಷ್ಟವಾಗಿದೆ. ಸತ್ಯಾಶ್ರಯನ ತರುವಾಯ ವಿಕ್ರಮಾದಿತ್ಯ, ಜಯಸಿಂಹ ಎಂಬ ಬಾದಾಮಿಯ ಹೆಸರು ಹೊತ್ತವರೇ ಪಟ್ಟಕ್ಕೆ ಬಂದರು. ಇಂಗ್ಲೆಂಡಿನ ಚರಿತ್ರೆಯಲ್ಲಿ ಇಂಥದೇ ಒಂದು ಸಂಗತಿಯಿದೆ. ೧೦೬೬ರಲ್ಲಿ ನಾರ್ಮನರು ಗೆದ್ದ ಮೇಲೆ ವಿಲಿಯಂ, ರಾಬರ್ಟ್, ರಿಚರ್ಡ್ ಎಂಬ ಹೆಸರುಗಳ ಮುಂದೆ ಹಳೆಯ ಇಂಗ್ಲಿಷ್ ಹೆಸರುಗಳು ಮೂಲೆಗೆ ಬಿದ್ದುವು. ೧೨೩೯ರಲ್ಲಿ ಮೂರನೆಯ ಹೆನ್ರಿಯು ತನ್ನ ಚೊಚ್ಚಲ ಮಗನಿಗೆ, ಹಿಂದಿನ ಸಾಧುರಾಜನೊಬ್ಬನ ನೆನಪಿಗಾಗಿ, ಎಡ್ವರ್ಡ್ ಎಂಬ ಹಳೆಯ ಹೆಸರನ್ನೇ ಇಟ್ಟನು. ಅಂದಿನ ಆಸ್ಥಾನದ ಕಿವಿಗೆ ಅದು ವಿಚಿತ್ರವಾಗಿ ಕೇಳಿಸಿರಬೇಕು. ಇಂದು ಅದಕ್ಕಿಂತ ಇಂಗ್ಲಿಷ್ ಆದ ಹೆಸರು ಇನ್ನೊಂದಿಲ್ಲ. ಮರೆತುಹೋದ ಹಳೆಯ ಹೆಸರನ್ನು ಮತ್ತೆ ಎತ್ತಿಕೊಳ್ಳುವುದೇ ವಿಶಿಷ್ಟತೆಗೂ ಪರಂಪರೆಗೂ ಒಟ್ಟಿಗೆ ಸಲ್ಲುವ ಮಾರ್ಗವೆಂಬುದು ಈ ಎರಡು ನಿದರ್ಶನಗಳಿಂದ ತಿಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಅರಸರ, ಕವಿಗಳ, ದೇವರ ಹೆಸರುಗಳ ವಿಚಾರವಾಯಿತು. ಬಡವರ ತೊಟ್ಟಿಲಿನ ಚರಿತ್ರೆ ಬೇರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ತಾಯಿಯು ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣನೆಂದು ಕರೆಯುತ್ತಿದ್ದಳು. ಭಿಕ್ಷೆ ಬೇಡಿ ತಿರುಕಪ್ಪನೆನ್ನುತ್ತಿದ್ದಳು, ಹುಚ್ಚಪ್ಪನೆನ್ನುತ್ತಿದ್ದಳು. ಇದು ಬೇಡದ ವಸ್ತುವೆಂದು ತಿಳಿದು ಮೃತ್ಯುವು ಬಿಟ್ಟುಹೋಗಲಿ ಎಂಬುದು ಆಕೆಯ ಎಣಿಕೆ. ಈ ಹೆಸರುಗಳನ್ನು ಒರಟೆಂದು ನಗುವುದು ಸುಲಭ. ಹೆಸರಿನ ಹಿಂದೆ ಮಣ್ಣಿಗೆ ಹೋದ ಕೂಸುಗಳೆಷ್ಟೆಂದು ಕೇಳಿದರೆ ನಗು ನಿಲ್ಲುತ್ತದೆ. ಇದು ಮನುವು ವಿಧಿಸಿದ ಹೇಯನಾಮವಲ್ಲ. ಪ್ರೀತಿಯು ಭಯದಿಂದ ಹಾಕಿಕೊಂಡ ವೇಷ. ಮುಂದೆ ಚಿತ್ರದುರ್ಗದ ಸೀಮೆಯಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮಹಿಮೆಯಿಂದ ಅದೇ ತಿಪ್ಪೆಯ ಮಾತು ತಿಪ್ಪೇಸ್ವಾಮಿ ಎಂಬ ಪೂಜ್ಯನಾಮವಾಗಿ ಮನೆಮನೆಯಲ್ಲಿ ನಿಂತಿತು.

ಆದರೆ ಹೇಯವನ್ನು ಮೇಲಿನಿಂದ ಹೇರಿದ ಸಂದರ್ಭಗಳೂ ಇದ್ದುವೆಂಬುದನ್ನು ಒಪ್ಪಬೇಕು. ಬಸವ ಎಂಬ ಒಂದೇ ಹೆಸರು ಗೌಡರ ಮನೆಯಲ್ಲಿ ಬಸನಗೌಡ, ಅಂಗಡಿಯ ಸಾಹುಕಾರರಲ್ಲಿ ಬಸಪ್ಪ, ಕೂಲಿಯವನ ಗುಡಿಸಲಲ್ಲಿ ಬಸ್ಯಾ. ತೊಟ್ಟಿಲಲ್ಲಿ ಇಟ್ಟ ಹೆಸರನ್ನು ಓಣಿಯು ಮೊಟಕುಮಾಡುತ್ತಿತ್ತು. ಅಪ್ಪ, ಅಯ್ಯ ಎಂಬ ಎರಡಕ್ಷರಗಳಿಗಾಗಿ ಒಬ್ಬ ಮನುಷ್ಯನು ಜೀವಮಾನವೆಲ್ಲ ಕಾದರೂ ಅವು ದೊರೆಯದಿದ್ದ ಊರುಗಳುಂಟು. ಈ ದೃಷ್ಟಿಯಿಂದ ಹನ್ನೆರಡನೆಯ ಶತಮಾನದ ಶರಣರು ಮಾಡಿದ ಕಾರ್ಯವನ್ನು ನೆನೆಯಬೇಕು. ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯ: ಅವರು ಕಸುಬಿನ ಹೆಸರನ್ನು ಮುಚ್ಚಲಿಲ್ಲ, ಅದನ್ನು ಮುಂದಿಟ್ಟು, ಹಿಂದೆ ಅಯ್ಯನೆಂಬ ಗೌರವವನ್ನು ಎಲ್ಲರಿಗೂ ಸಮನಾಗಿ ಇಟ್ಟರು. ಪರಂಪರೆಯ ಕಥೆಯಲ್ಲಿ ಆ ಹರಳಯ್ಯನ ಮಗನ ಹೆಸರು ಶೀಲವಂತ. ಕೆಳಗಿನವನ ಹೆಸರು ಹೇಯವಾಗಿರಲಿ ಎಂದ ಸ್ಮೃತಿಗೆ ಸಮಗಾರನೊಬ್ಬನ ತೊಟ್ಟಿಲಿನಿಂದ ಬಂದ ಉತ್ತರವಿದು. ಆದುದರಿಂದ ಸಂಪ್ರದಾಯವೆಂದರೆ ಒಂದೇ ದನಿಯಲ್ಲ. ಅದರೊಳಗೇ ವಾದವೂ ಉಂಟು, ಪ್ರತಿವಾದವೂ ಉಂಟು. ಯಾವುದರ ವಾರಸುದಾರರಾಗಬೇಕೆಂಬುದನ್ನು ನಾವು ಆರಿಸಬೇಕಾಗುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈಗಿನವರು ಹಳೆಯ ಹೆಸರುಗಳನ್ನು ಬಿಟ್ಟುದಕ್ಕೂ ನ್ಯಾಯವಾದ ಕಾರಣ ಕಾಣುತ್ತದೆ. ಪ್ರಕಾಶ, ಆನಂದ, ರಮೇಶ ಎಂಬ ಹೆಸರುಗಳಿಂದ ಜಾತಿ ತಿಳಿಯುವುದಿಲ್ಲ, ಊರು ತಿಳಿಯುವುದಿಲ್ಲ. ಶಾಲೆಯ ಬಾಗಿಲಲ್ಲಿ ಹೆಸರು ಹೇಳಿದೊಡನೆ ಹಿಂದಿನ ಸಾಲಿಗೆ ಕಳುಹಿಸಲ್ಪಟ್ಟ ತಂದೆಯು ಮಗನಿಗೆ ಅಂಥ ಹೆಸರನ್ನು ಬಯಸಿದರೆ ಅವನನ್ನು ಬೇರುಗೆಟ್ಟವನೆಂದು ದೂರುವ ಅಧಿಕಾರ ನಮಗಿಲ್ಲ. ಆದರೆ ಆ ಹೆಸರುಗಳೂ ಬಹುಬೇಗ ಸಾಮಾನ್ಯವಾದುವು. ಅನಂತರದ ತಲೆಮಾರು ಯಾರಿಗೂ ಇಲ್ಲದ ಹೆಸರು ಬೇಕೆಂದು ನಿಘಂಟುಗಳನ್ನೂ ಈಚೆಗೆ ಅಂಗೈಯಗಲದ ಯಂತ್ರಗಳನ್ನೂ ತಡಕುತ್ತ, ಅರ್ಥವನ್ನು ಬೇರೆಯವರಲ್ಲಿ ಕೇಳಿ ತಿಳಿಯಬೇಕಾದಂಥ ಹೆಸರುಗಳನ್ನು ತರತೊಡಗಿತು. ಇಂಥ ಹೆಸರನ್ನು ಅಜ್ಜಿಯ ಬಾಯಿ ಉಚ್ಚರಿಸಲಾರದು. ಹೊಸತು ಬೇಕೆಂದು ಹೊರಟವರೆಲ್ಲರೂ ಅದೇ ಯಂತ್ರವನ್ನು ಕೇಳುವುದರಿಂದ ಒಂದೇ ವರ್ಷ ಹುಟ್ಟಿದ ಅನೇಕರಿಗೆ ಅದೇ ಹೆಸರು ದೊರೆಯುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಚರಿತ್ರೆಯಿಂದ ನಾಲ್ಕು ಸೂಚನೆಗಳನ್ನು ತೆಗೆದುಕೊಳ್ಳಬಹುದೆಂದು ತೋರುತ್ತದೆ.

ಮೊದಲನೆಯದು, ಅಜ್ಜನ ಹೆಸರನ್ನು ಒಮ್ಮೆಗೇ ತಳ್ಳಿಬಿಡಬೇಡಿ. ಅದನ್ನು ಬಿಡಿಸಿ ನೋಡಿ. ಉತ್ತರದ ಸೀಮೆಯಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟ ಮೇಲೆ, ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಸೊಸೆಯು ಆ ಮಗುವನ್ನೇ ಅಪ್ಪು ಎಂದೋ ಮುತ್ತ್ಯಾ ಎಂದೋ ಕರೆಯುವುದುಂಟು. ಒಂದೇ ಹೆಸರು ತಲೆಮಾರಿನಿಂದ ತಲೆಮಾರಿಗೆ ರೂಪ ಬದಲಿಸಿ ನಡೆಯುವುದು ನಮ್ಮಲ್ಲಿ ಹೊಸದಲ್ಲ. ಅಜ್ಜ ನಾರಾಯಣಪ್ಪನಾದರೆ ಮೊಮ್ಮಗನು ನಾರಣನಾಗಬಹುದು. ಅಜ್ಜ ಕೃಷ್ಣಪ್ಪನಾದರೆ ಮೊಮ್ಮಗನು ಕನ್ನರನಾಗಬಹುದು. ಅಜ್ಜ ಜನಾರ್ದನಯ್ಯನಾದರೆ ಮೊಮ್ಮಗನು ಜನ್ನನಾಗಬಹುದು. ಹೆಸರು ಅಜ್ಜನದೇ, ರೂಪ ಸಾವಿರ ವರ್ಷದ್ದು, ಕೇರಿಯಲ್ಲಿ ಇನ್ನೊಬ್ಬನಿಲ್ಲ.

ಎರಡನೆಯದು, ನಿಮ್ಮ ಊರಿನ ದೇವರು, ಹೊಳೆ, ಸಾಧುಸಂತರು ಇವರ ಹೆಸರುಗಳನ್ನು ಒಮ್ಮೆ ಎಣಿಸಿ ನೋಡಿ. ಎಲ್ಲೆಲ್ಲಿಯೂ ಸಲ್ಲುವ ಹೆಸರು ಎಲ್ಲರಿಗೂ ಇರುತ್ತದೆ. ಒಂದು ನೆಲಕ್ಕೆ ಸೇರಿದ ಹೆಸರು ಹೊರಗೆ ಹೋದಾಗ ಅಪೂರ್ವವಾಗುತ್ತದೆ. ೧೯೨೨ರಲ್ಲಿ ಹುಟ್ಟಿದ, ರೋಣದ ಜೋಶಿಯವರ ಮನೆಯ ಗಂಡುಮಗುವಿಗೆ ಭೀಮಸೇನನೆಂದು ಹೆಸರಾಯಿತು. ಹನುಮ, ಭೀಮ, ಮಧ್ವ ಎಂದು ವಾಯುದೇವನ ಮೂರು ಅವತಾರಗಳನ್ನು ನೆನೆಯುವ ಮಾಧ್ವರ ಮನೆಗಳಲ್ಲಿ ಅದು ಸಹಜವಾದ ಹೆಸರು. ಸಂಗೀತದ ಜಗತ್ತಿನಲ್ಲಿಯಾದರೋ ಅದನ್ನು ಕೇಳಿದರೆ ಒಬ್ಬರೇ ನೆನಪಾಗುತ್ತಾರೆ.

ಮೂರನೆಯದು ರನ್ನನ ದಾರಿ. ನಿಮಗೆ ವಿದ್ಯೆಯನ್ನೋ ಅನ್ನವನ್ನೋ ಪ್ರಾಣವನ್ನೋ ಕೊಟ್ಟವರೊಬ್ಬರಿದ್ದರೆ ಅವರ ಹೆಸರನ್ನು ಮಗನಿಗಿಡಿ. ಅವರು ಅನ್ಯಕುಲದವರಾದರೆ ಇನ್ನೂ ಒಳ್ಳೆಯದು. ಹೆಸರು ಹೀಗೆ ಬಂದಿತೆಂದು ಮಗನು ನಾಲ್ಕು ಮಾತಿನಲ್ಲಿ ಹೇಳಬಲ್ಲವನಾದರೆ ಯಾರ ನಗೆಗೂ ಅವನು ಅಂಜಬೇಕಾಗಿಲ್ಲ.

ನಾಲ್ಕನೆಯದು ಕಿವಿಯ ಪರೀಕ್ಷೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯು ಮಗುವಿನ ಕಿವಿಯಲ್ಲಿ ಹೆಸರನ್ನು ಹೇಳುತ್ತಾಳೆ. ಅತ್ತೆಯ ನಾಲಗೆಗೆ ಹತ್ತದ ಹೆಸರು, ಅಂಗಳದಿಂದ ಕೂಗಿದರೆ ಬೀದಿಯ ತುದಿಗೆ ಕೇಳಿಸದ ಹೆಸರು, ಎಷ್ಟು ಘನವಾದ ಅರ್ಥವುಳ್ಳದ್ದಾದರೂ ಓಣಿಯ ಕೈಯಲ್ಲಿ ಮೊಟಕಾಗಿ ಹೋಗುತ್ತದೆ. ಆಶ್ವಲಾಯನನು ಹೇಳಿದ್ದೂ ಇದನ್ನೇ ಅಲ್ಲವೆ? ಎರಡಕ್ಷರವೋ ನಾಲ್ಕಕ್ಷರವೋ ಇರಲಿ, ದನಿ ಇರುವ ಅಕ್ಷರದಿಂದ ಮೊದಲಾಗಲಿ.

ಇವೆಲ್ಲಕ್ಕೂ ಜೊತೆಯಾಗಿ ಇನ್ನೊಂದನ್ನು ಸೇರಿಸಬೇಕು. ನಮ್ಮ ಮಗನ ಹೆಸರಿನ ಚೆಲುವನ್ನು ಕುರಿತು ಇಷ್ಟು ಯೋಚಿಸುವ ನಾವು, ನಮ್ಮ ಮನೆಯ ಕೆಲಸಕ್ಕೆ ಬರುವವನ ಮಗನನ್ನು ಏನೆಂದು ಕರೆಯುತ್ತೇವೆಂಬುದನ್ನೂ ನೋಡಿಕೊಳ್ಳಬೇಕು. ಅವನ ತಾಯಿಯೂ ಹನ್ನೆರಡನೆಯ ದಿನ ಅವನನ್ನು ತೊಟ್ಟಿಲಲ್ಲಿಟ್ಟು ಪೂರ್ತಿ ಹೆಸರನ್ನೇ ಹೇಳಿದ್ದಾಳೆ. ಅದನ್ನು ಪೂರ್ತಿಯಾಗಿ ಕರೆಯುವುದು ಕಲ್ಯಾಣದ ಶರಣರಿಂದ ನಮಗೆ ಬಂದ ಸಂಪ್ರದಾಯ. ಮಗುವಿಗೆ ಹೆಸರಿಡುವ ಮನೆಯಲ್ಲಿ ಆ ಸಂಪ್ರದಾಯವನ್ನೂ ಅದೇ ದಿನದಿಂದ ಮೊದಲುಮಾಡಬಹುದು.